ಲಸಿಕೆ ನಿಂತ ಕಂಪ್ಯೂಟರ್‌ಗೆ ಏನು ದಾರಿ?



ಹಾಲಿನ ಬಟವಾಡೆ ಹಣ ಕೂಡಿಸಿ ಮಕ್ಕಳ ಓದಿಗೆಂದು ಕಂಪ್ಯೂಟರ್ ಕೊಂಡ ಮನೆಗಳು ನಮ್ಮಲ್ಲಿ ಹಲವು. ಕೆಲವು ವರ್ಷ ಹಳೆಯದಾದರೆ ಅದರಲ್ಲಿ ವಿಂಡೋಸ್ 10 ಇರುವ ಸಾಧ್ಯತೆ ಹೆಚ್ಚು. ಅದಕ್ಕೆ ಪ್ರತಿ ತಿಂಗಳು ಬರುತ್ತಿದ್ದ ಭದ್ರತಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಈಗ "ಹೊಸದೇ ತಗೊಳ್ಳಿ" ಎನ್ನುವವರು ಒಂದು ಕಡೆ, "ನಡೀತಿದೆಯಲ್ಲ, ಬಿಡಿ" ಎನ್ನುವವರು ಇನ್ನೊಂದು ಕಡೆ. ಎರಡೂ ಅವಸರದ ಮಾತು ಎಂಬುದು ನನ್ನ ಅಭಿಪ್ರಾಯ.

ಕಾಲುಬಾಯಿ ಜ್ವರದ ಲಸಿಕೆ ತಪ್ಪಿದ ರಾಸು ಮರುದಿನವೇ ಮಲಗುವುದಿಲ್ಲ. ಮೇಯುತ್ತದೆ, ಹಾಲೂ ಕೊಡುತ್ತದೆ. ಊರಿಗೆ ರೋಗ ಬಂದಾಗಲೇ ಕಷ್ಟ. ಅಪ್‌ಡೇಟ್ ನಿಂತ ಕಂಪ್ಯೂಟರ್ ಕೂಡ ಹಾಗೆಯೇ. ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಪ್ರತಿ, ರಾಸು ವಿಮೆಯ ಕಾಗದ ಎಲ್ಲವೂ ಅದರಲ್ಲೇ ಇದ್ದರೆ "ಬಿಡಿ" ಎಂದು ಸುಮ್ಮನಿರಲಾಗದು. ಹಾಗೆಂದು ಲಸಿಕೆ ತಪ್ಪಿದ ಹಸುವನ್ನು ಯಾರೂ ಸಂತೆಗೆ ಹೊಡೆಯುವುದಿಲ್ಲ.

ಮೊದಲ ಕೆಲಸ, ಫೋಟೋ, ಅಂಕಪಟ್ಟಿ, ಲೆಕ್ಕದ ಕಡತಗಳನ್ನು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ. ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಇದಾಗದೆ ಯಾರೂ ಯಂತ್ರ ಮುಟ್ಟಬಾರದು.

ಎರಡನೆಯದು, ವಿಂಡೋಸ್ 11ಕ್ಕೆ ನಿಮ್ಮ ಯಂತ್ರ ಒಗ್ಗುತ್ತದೆಯೇ ನೋಡಿ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಈಚಿನ ಪ್ರೊಸೆಸರ್ ಬೇಕು. ಮೈಕ್ರೋಸಾಫ್ಟ್‌ನದೇ 'ಪಿಸಿ ಹೆಲ್ತ್ ಚೆಕ್' ಆ್ಯಪ್ ಇದನ್ನು ಹೇಳುತ್ತದೆ. ಟಿಪಿಎಂ ಇದ್ದೂ ಆಫ್ ಆಗಿರುವುದುಂಟು. ಆನ್ ಮಾಡಿಸಿದರೆ ಸಾಕು, ಹೊಸ ಯಂತ್ರ ಬೇಡ.

ಒಗ್ಗಿದರೆ, ಅಸಲಿ ವಿಂಡೋಸ್ 10 ಇದ್ದವರಿಗೆ 11 ಉಚಿತ. ಸೆಟ್ಟಿಂಗ್ಸ್ ಒಳಗಿನ ವಿಂಡೋಸ್ ಅಪ್‌ಡೇಟ್‌ನಿಂದಲೇ ಹಾಕಿಕೊಳ್ಳಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ನಡುವೆ ಕರೆಂಟ್ ಹೋದರೆ ಕೆಡಬಹುದು. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ. ಆಮೇಲೆ ಪ್ರಿಂಟರ್, ನುಡಿ ತಂತ್ರಾಂಶ ನಡೆಯುತ್ತವೆಯೇ ನೋಡಿ. ಹಿಡಿಸದಿದ್ದರೆ ಸಾಮಾನ್ಯವಾಗಿ 10 ದಿನದೊಳಗೆ ಹಿಂದಿನದಕ್ಕೆ ಮರಳಬಹುದು.

ಒಗ್ಗದಿದ್ದರೆ, ವಿಂಡೋಸ್ 10ಕ್ಕೇ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಯಿದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಹಣವಿಲ್ಲದೆ ಸೇರಬಹುದು. ಇಲ್ಲವೇ ಉಚಿತವಾದ ಲಿನಕ್ಸ್ ಮಿಂಟ್ ಹಾಕಿಸಬಹುದು. ಪೆನ್‌ಡ್ರೈವ್‌ನಿಂದ ನಡೆಸಿ, ಒಪ್ಪಿದರೆ ಮಾತ್ರ ಒಳಗೆ ಹಾಕಿಸುವ ಅನುಕೂಲ ಅದರಲ್ಲಿದೆ. ಇಂಟರ್‌ನೆಟ್, ಪತ್ರ, ಲೆಕ್ಕದ ಕೆಲಸಕ್ಕೆ ಅದು ಸಾಕು. ಆದರೆ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ ಎಂಬುದು ಗೊತ್ತಿರಲಿ.

ಒಂದನ್ನು ಮಾತ್ರ ಖಂಡಿತ ಬೇಡವೆನ್ನುತ್ತೇನೆ: ಕಡಿಮೆ ದುಡ್ಡಿಗೆ ಹಾಕಿಕೊಡುವ ಕಳ್ಳ ಪ್ರತಿ. ಅದರೊಳಗೆ ಏನು ಬೆರೆಸಿದ್ದಾರೋ ತಿಳಿಯುವುದಿಲ್ಲ. ಕಲಬೆರಕೆ ಹಿಂಡಿಯನ್ನು ಕೊಟ್ಟಿಗೆಗೆ ಬಿಡದ ನಾವು ಇದನ್ನು ಮನೆಯೊಳಗೆ ಬಿಡುವುದೇಕೆ?

ಕೊನೆಯದಾಗಿ, ಈ ತೀರ್ಮಾನವನ್ನು ಮಗನಿಗೋ ಅಂಗಡಿಯವರಿಗೋ ಪೂರ್ತಿ ಒಪ್ಪಿಸಬೇಡಿ. ಅವರ ಕೈಯಿಂದ ಕೆಲಸ ಮಾಡಿಸಿ, ಆದರೆ ಪಕ್ಕದಲ್ಲಿ ಕುಳಿತು ಕೇಳಿ: ನಕಲು ಆಯಿತೇ? ಇದು ಅಸಲಿಯೇ? ಹಿಂದಕ್ಕೆ ಹೋಗುವ ದಾರಿ ಇದೆಯೇ? ಹಾಲಿನ ಜಿಡ್ಡಿನಂಶ ಕೇಳಿ ತಿಳಿದುಕೊಳ್ಳುವ ನಮಗೆ ಈ ಮೂರು ಪ್ರಶ್ನೆ ಕಷ್ಟವಲ್ಲ.