ಹಳದಿ ಬೆಟ್ಟ, ನಡುಗುವ ಎಲೆ

ಸೆಪ್ಟೆಂಬರ್ ಕೊನೆಯ ವಾರ ಬಂತೆಂದರೆ ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟಗಳಲ್ಲಿ ಕ್ಯಾಮೆರಾ ಹೊತ್ತವರ ಜಾತ್ರೆ. ಮರೂನ್ ಬೆಲ್ಸ್ ಎಂಬ ಜೋಡಿ ಶಿಖರಗಳ ಕೆಳಗಿನ ಕೆರೆಯ ದಂಡೆಯಲ್ಲಿ ಬೆಳಕು ಹರಿಯುವ ಮೊದಲೇ ಟ್ರೈಪಾಡುಗಳು ಸಾಲುಗಟ್ಟುತ್ತವೆ. ಇಷ್ಟು ಜನರನ್ನು ಸೆಳೆಯುವುದು ಬಿಳಿ ಕಾಂಡದ ಆಸ್ಪೆನ್ ಮರ. ಎಲೆ ಉದುರುವ ಮುನ್ನ ಕೆಲವು ದಿನ ಇಡೀ ಇಳಿಜಾರು ಅರಿಸಿನ ಎರಚಿದಂತೆ ಕಾಣುತ್ತದೆ.

ಈ ಹಳದಿ ಹೊಸದಾಗಿ ಬಂದದ್ದಲ್ಲ. ಬೇಸಿಗೆಯುದ್ದಕ್ಕೂ ಎಲೆಯೊಳಗೇ ಇತ್ತು. ಹಗಲು ಕಿರಿದಾಗಿ ಚಳಿ ಹೆಚ್ಚಿದಂತೆ ಪತ್ರಹರಿತ್ತು ಒಡೆದುಹೋಗುತ್ತದೆ. ಹಸಿರಿನ ಮುಸುಕು ಸರಿದಾಗ ಕ್ಯಾರೊಟಿನಾಯ್ಡ್ ಎಂಬ ಹಳದಿ ವರ್ಣದ್ರವ್ಯ ಕಣ್ಣಿಗೆ ಬೀಳುತ್ತದೆ. ಕೆಂಪಿನ ಕತೆ ಬೇರೆ. ಅದಕ್ಕೆ ಬೇಕಾದ ಆಂಥೊಸಯನಿನ್ ಅನ್ನು ಎಲೆ ಆಗಲೇ ತಯಾರಿಸಬೇಕು. ಬಿಸಿಲಿನ ಹಗಲು, ಹಿಮಗಟ್ಟದಷ್ಟು ತಣ್ಣನೆಯ ರಾತ್ರಿ ಕೂಡಿ ಬಂದ ವರ್ಷ ಕೆಂಪು ಚೆನ್ನಾಗಿ ಮೂಡುತ್ತದೆ.

ಕಣ್ಣಿಗೆ ಕಂಡದ್ದೆಲ್ಲ ಚಿತ್ರದಲ್ಲಿ ಬರುವುದಿಲ್ಲ. ಆಸ್ಪೆನ್ ಎಲೆಯ ತೊಟ್ಟು ಚಪ್ಪಟೆ. ಹಾಗಾಗಿ ನಮ್ಮ ಅರಳಿ ಎಲೆಯಂತೆ ಅದು ತುಸು ಗಾಳಿಗೂ ನಡುಗುತ್ತದೆ. ಷಟರ್ ನಿಧಾನವಾದರೆ ಎಲೆಗಳು ಕಲಸಿಹೋಗುತ್ತವೆ. ಗಾಳಿ ಏಳುವ ಮೊದಲಿನ ಮುಂಜಾವು ಸುರಕ್ಷಿತ. ಎಲೆಯ ನುಣುಪು ಮೈ ಆಕಾಶವನ್ನು ಪ್ರತಿಫಲಿಸಿ ಬಣ್ಣವನ್ನು ಮಂಕಾಗಿಸುತ್ತದೆ. ಪೋಲರೈಸಿಂಗ್ ಫಿಲ್ಟರನ್ನು ತಿರುಗಿಸಿದರೆ ಆ ಹೊಳಪು ಇಳಿದು ನಿಜಬಣ್ಣ ಮೇಲೇಳುತ್ತದೆ. ಸೂರ್ಯನಿಗೆ ಎದುರಾಗಿ ನಿಂತರೆ ಬೆಳಕು ಎಲೆಯನ್ನು ಹಾಯ್ದು ಬಂದು ನರನರವೂ ಕಾಣುತ್ತದೆ. ಇಷ್ಟೊಂದು ಹಳದಿಯನ್ನು ಕಂಡ ಡಿಜಿಟಲ್ ಕ್ಯಾಮೆರಾ ಅದನ್ನು ದೋಷವೆಂದು ಬಗೆದು ‘ತಿದ್ದುವುದೂ’ ಉಂಟು. ವೈಟ್ ಬ್ಯಾಲೆನ್ಸನ್ನು ಹಗಲುಬೆಳಕಿಗೆ ಹೊಂದಿಸಿಟ್ಟರೆ ಈ ತೊಂದರೆಯಿಲ್ಲ.

ಬಣ್ಣವೇ ಎಲ್ಲವೂ ಅಲ್ಲ ಎಂಬುದಕ್ಕೂ ಇದೇ ಮರ ಸಾಕ್ಷಿ. ಆನ್ಸೆಲ್ ಆಡಮ್ಸ್ 1958ರಲ್ಲಿ ನ್ಯೂ ಮೆಕ್ಸಿಕೊದ ಬೆಟ್ಟಗಳಲ್ಲಿ ತೆಗೆದ ಹೆಸರಾಂತ ಆಸ್ಪೆನ್ ಚಿತ್ರ ಕಪ್ಪು-ಬಿಳುಪಿನದು. ಹಳದಿ ಎಲೆಗಳು ಅಲ್ಲಿ ಕತ್ತಲ ಕಾಡಿನ ಮುಂದೆ ಬೆಳ್ಳಗೆ ಬೆಳಗುತ್ತವೆ.

ಬೆಟ್ಟದ ಒಂದು ತುಂಡು ಹಳದಿಯಾಗಿದ್ದಾಗ ಪಕ್ಕದ್ದು ಇನ್ನೂ ಹಸಿರಾಗಿರುವುದೇಕೆ? ಒಂದೇ ಬೇರಿನಿಂದ ಸಾವಿರಾರು ಆಸ್ಪೆನ್ ಕಾಂಡಗಳು ಮೊಳೆಯುತ್ತವೆ. ಒಂದು ಬೇರಿನ ಸಂಸಾರವೆಲ್ಲ ಸುಮಾರಾಗಿ ಒಟ್ಟಿಗೆ ಬಣ್ಣ ಬದಲಿಸುತ್ತದೆ. ಯೂಟಾ ರಾಜ್ಯದ ‘ಪಾಂಡೊ’ ಇಂಥದೊಂದು ಮಹಾಕುಟುಂಬ: 43 ಹೆಕ್ಟೇರ್ ಹರವು, ಸುಮಾರು 47,000 ಕಾಂಡ, ಆದರೆ ಜೀವಿ ಒಂದೇ.

ಆ ಜೀವಿ ಈಗ ಸೊರಗುತ್ತಿದೆ. ಹೊಸ ಚಿಗುರನ್ನು ಜಿಂಕೆಗಳೂ ದನಗಳೂ ಮೇಯುವುದರಿಂದ ಮುದಿ ಮರ ಬಿದ್ದ ಜಾಗಕ್ಕೆ ಎಳೆಯ ಮರ ಬರುತ್ತಿಲ್ಲ. ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಪಾಲ್ ರೋಜರ್ಸ್ ಮತ್ತು ಡ್ಯಾರನ್ ಮ್ಯಾಕವಾಯ್ 2018ರಲ್ಲಿ ಪ್ರಕಟಿಸಿದ ಅಧ್ಯಯನ 72 ವರ್ಷಗಳ ವೈಮಾನಿಕ ಚಿತ್ರಗಳನ್ನು ಸಾಲಾಗಿಟ್ಟು ಕಾಡು ತೆಳುವಾದ ಬಗೆಯನ್ನು ತೋರಿಸಿತು. ಹಳೆಯ ಚಿತ್ರಗಳು ಇರದಿದ್ದರೆ ಈ ಸಾಕ್ಷ್ಯವೂ ಇರುತ್ತಿರಲಿಲ್ಲ. ಮೆಚ್ಚುಗೆಯ ಆಸೆಗೆ ಕಂಪ್ಯೂಟರಿನಲ್ಲಿ ಹಳದಿಯನ್ನು ಕಿತ್ತಳೆಯಾಗಿಸಿದ ಚಿತ್ರ ಗೋಡೆಗೆ ಚೆಂದವಿರಬಹುದು; ಮುಂದೊಂದು ದಿನ ಕಾಡಿನ ಪರವಾಗಿ ಸಾಕ್ಷಿ ಹೇಳಲಾರದು.

ನಮ್ಮಲ್ಲಿ ಕೆಂಪು ಕಾಣುವುದು ಹೆಚ್ಚಾಗಿ ಹುಟ್ಟುವ ಎಲೆಯಲ್ಲಿ. ಮಾವಿನ ಚಿಗುರನ್ನು ತಾಮ್ರದ ಬಣ್ಣಕ್ಕೆ ತರುವುದೂ ಅದೇ ಆಂಥೊಸಯನಿನ್. ಶಾಲೆಯ ಅಂಗಳದ ಮಾವಿನ ಒಂದೇ ಕೊಂಬೆಯನ್ನು ದಿನವೂ ಅದೇ ಹೊತ್ತಿಗೆ, ಅದೇ ಜಾಗದಿಂದ ಅಪ್ಪನದೋ ಅಮ್ಮನದೋ ಫೋನಿನಲ್ಲಿ ಸೆರೆಹಿಡಿದು, ತಾರೀಖು ಬರೆದಿಡಲು ದುಬಾರಿ ಕ್ಯಾಮೆರಾ ಬೇಕಿಲ್ಲ. ಚಿಗುರು ಎಷ್ಟು ದಿನಕ್ಕೆ ಹಸಿರಾಯಿತು ಎಂಬ ಪ್ರಶ್ನೆಗೆ ಪುಸ್ತಕ ಹುಡುಕುವ ಮೊದಲೇ ಮಗುವಿನ ಕೈಯಲ್ಲಿ ಉತ್ತರವಿರುತ್ತದೆ.