ಬಿರುದು ಒಂದು ಕಡೆ, ಭೂಮಿ ಒಂದು ಕಡೆ

ಹೈದರಾಬಾದಿನ ಟ್ಯಾಂಕ್ ಬಂಡ್ ಮೇಲಿನ ಪ್ರತಿಮೆಗಳ ಸಾಲಿನಲ್ಲಿ ಗೋಂಡ ಬುಡಕಟ್ಟಿನ ಕೊಮರಂ ಭೀಮ ಕೂಡ ಇದ್ದಾನೆ. 2016ರಲ್ಲಿ ಆಸಿಫಾಬಾದ್ ಜಿಲ್ಲೆಗೆ ಅವನ ಹೆಸರಿಟ್ಟರು. 2022ರಲ್ಲಿ ಬಂದ ಸಿನಿಮಾವೊಂದು ಆ ಹೆಸರನ್ನು ದೇಶದಾಚೆಗೂ ಒಯ್ದಿತು. ಇಷ್ಟೆಲ್ಲ ಆದರೂ 1940ರಲ್ಲಿ ಜೋಡೇಘಾಟ್ ಗುಡ್ಡದಲ್ಲಿ ನಿಜಾಮನ ಪೊಲೀಸರ ಗುಂಡಿಗೆ ಬೀಳುವಾಗ ಅವನು ಕೇಳುತ್ತಿದ್ದದ್ದು ಪ್ರತಿಮೆಯನ್ನಲ್ಲ. ತನ್ನ ಜನ ಕಾಡು ಸವರಿ ಹಸನು ಮಾಡಿಕೊಂಡ ಹೊಲ ಅವರ ಕೈಯಲ್ಲೇ ಉಳಿಯಬೇಕು, ದನ ಮೇಯಿಸಲು ಅರಣ್ಯದವರಿಗೆ ಕಪ್ಪ ಕಟ್ಟುವಂತಾಗಬಾರದು, ಅಷ್ಟೇ.

ಗುಡ್ಡಗಾಡಿನಲ್ಲಿ ಬಾಳಿದ ಹಿರಿಯರನ್ನು ನಾವು ಬಯಲಿನವರು ನೆನೆಯುವ ರೀತಿಯಲ್ಲೇ ಒಂದು ದೊಡ್ಡ ಲೋಪವಿದೆ. ಅವರ ಹೆಸರು, ಹಾಡು, ಕುಣಿತ, ಸಾಹಸ ಎಲ್ಲವನ್ನೂ ಎತ್ತಿಕೊಳ್ಳುತ್ತೇವೆ. ಅವರು ಯಾವುದಕ್ಕಾಗಿ ಬದುಕಿದರೋ ಆ ನೆಲದ ಮಾತನ್ನು ಮಾತ್ರ ಅಲ್ಲೇ ಬಿಟ್ಟು ಬರುತ್ತೇವೆ. ಗೌರವ ಕೊಟ್ಟರೆ ಯಾರ ಗುಂಟೆಯೂ ಕಡಿಮೆಯಾಗುವುದಿಲ್ಲ, ಭೂಮಿ ಕೊಡಬೇಕೆಂದರೆ ಯಾರಾದರೂ ಬಿಟ್ಟುಕೊಡಬೇಕಾಗುತ್ತದೆ. ಮೊದಲನೆಯದು ಬೇಗ ಬಂದು ಎರಡನೆಯದು ಬಾರದೇ ಇರುವುದಕ್ಕೆ ಇದಕ್ಕಿಂತ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಭೀಮ ಸತ್ತ ಮೇಲೆ ನಡೆದದ್ದನ್ನು ನೋಡಬೇಕು. ಎರಡನೇ ಮಹಾಯುದ್ಧ ಶುರುವಾದಾಗ ಶತ್ರು ದೇಶದವನೆಂದು ಹೈದರಾಬಾದ್ ಸಂಸ್ಥಾನದಾಚೆ ಹೋಗದಂತೆ ತಡೆಯಲ್ಪಟ್ಟಿದ್ದ ಆಸ್ಟ್ರಿಯಾದ ಮಾನವಶಾಸ್ತ್ರಜ್ಞ ಕ್ರಿಸ್ಟಾಫ್ ಫಾನ್ ಫ್ಯೂರರ್-ಹೈಮೆನ್‌ಡಾರ್ಫ್ ಅವರನ್ನು ನಿಜಾಮ ಸರ್ಕಾರ ಗೋಂಡರ ಅಸಮಾಧಾನದ ಬೇರು ಹುಡುಕಲು ಕಳಿಸಿತು. ಅವರು ಪತ್ನಿ ಬೆಟ್ಟಿಯವರೊಂದಿಗೆ ಆದಿಲಾಬಾದಿನ ಮಾರ್ಲವಾಯಿಯಲ್ಲಿ ನೆಲೆಸಿದರು. ರೋಗ ಎಲ್ಲಿದೆ ಎಂಬುದು ಅವರಿಗೆ ಬೇಗ ತಿಳಿಯಿತು: ಪಟ್ಟಾ ಇಲ್ಲದ ಉಳುಮೆ, ಮೀಸಲು ಅರಣ್ಯದ ಹೊಸ ಗಡಿ, ಸಾಹುಕಾರರ ಸಾಲ. ಮಾರ್ಲವಾಯಿಯಲ್ಲಿ ಗೋಂಡ ಹುಡುಗರನ್ನೇ ಮೇಷ್ಟ್ರುಗಳನ್ನಾಗಿ ತಯಾರು ಮಾಡುವ ಕೇಂದ್ರ ತೆರೆಯಿತು, ಸಾವಿರಾರು ಕುಟುಂಬಗಳಿಗೆ ಪಟ್ಟಾ ಸಿಕ್ಕಿತು, 1356 ಫಸಲಿಯಲ್ಲಿ ಬುಡಕಟ್ಟು ಪ್ರದೇಶಗಳ ಕಾನೂನು ಬಂತು. ಬೀದರ್, ಕಲಬುರಗಿ, ರಾಯಚೂರಿನ ಹಳೆಯ ಕಾಗದಪತ್ರ ತಿರುವಿದವರಿಗೆ ಈ ಫಸಲಿ ಲೆಕ್ಕ ಹೊಸದಲ್ಲ, ಅದು 1946ರ ಸುಮಾರು. ಬೆಟ್ಟಿ 1987ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡಾಗ ಮಾರ್ಲವಾಯಿಯವರೇ ಅವರನ್ನು ತಮ್ಮ ಊರಿನ ಮಣ್ಣಿಗೆ ಸೇರಿಸಿದರು. ಈಗಲೂ ಊರವರು ಆ ದಂಪತಿಯ ಪುಣ್ಯತಿಥಿ ಮಾಡುತ್ತಾರೆ. ಹೊರಗಿನಿಂದ ಬಂದವರನ್ನು ಗುಡ್ಡದ ಜನ ತಮ್ಮವರೆಂದು ಹೀಗೆ ನೆನೆಯುತ್ತಾರೆಂದರೆ ಅದಕ್ಕೆ ಕಾರಣ ಅವರು ಬರೆದ ಗ್ರಂಥಗಳಿಗಿಂತ ಹೆಚ್ಚಾಗಿ ಆ ಪಟ್ಟಾಗಳು ಎಂದೇ ನನ್ನ ನಂಬಿಕೆ.

ಆದರೆ ಕೊಟ್ಟದ್ದು ಉಳಿಯಲಿಲ್ಲ. ಮೂರು ದಶಕ ಕಳೆದು ಮರಳಿ ಬಂದ ಹೈಮೆನ್‌ಡಾರ್ಫ್, ಗೋಂಡರ ಹೊಲಗಳು ಮತ್ತೆ ವಲಸೆಗಾರರ ಪಾಲಾದದ್ದನ್ನು ಕಂಡು 1982ರ ಪುಸ್ತಕದಲ್ಲಿ ನೊಂದು ಬರೆದರು. ಅದಕ್ಕೆ ಒಂದು ವರ್ಷ ಮೊದಲು, 1981ರ ಏಪ್ರಿಲ್ 20ರಂದು, ಇಂದ್ರವೆಲ್ಲಿಯಲ್ಲಿ ಇದೇ ಭೂಮಿಯ ಮಾತಾಡಲು ಸೇರಿದ್ದ ಗೋಂಡರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 13 ಮಂದಿ ಎಂದಿತು ಸರ್ಕಾರಿ ಲೆಕ್ಕ. ಜನ ಹೇಳುವ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು.

ಅದೇ ಮಾರ್ಲವಾಯಿಯ ಕನಕರಾಜು ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ದೀಪಾವಳಿಯ ಹೊತ್ತಿನ ದಂಡಾರಿ ಹಬ್ಬದಲ್ಲಿ ಮೈಗೆ ಬೂದಿ ಬಳಿದು, ನವಿಲುಗರಿಯ ದೊಡ್ಡ ಕಿರೀಟ ಹೊತ್ತು, ಕೈಯಲ್ಲಿ ಕೋಲು ಹಿಡಿದು ಕುಣಿಯುವ ಗುಸ್ಸಾಡಿ ನೃತ್ಯಕ್ಕೆ ಅವರು ಗುರುವಾಗಿದ್ದರು. 2024ರಲ್ಲಿ ಅವರು ತೀರಿಕೊಂಡರು. ಗುಸ್ಸಾಡಿ ಬರೀ ವೇದಿಕೆಯ ಕಲೆಯಲ್ಲ. ದಂಡಾರಿಯ ತಂಡ ಊರಿಂದ ಊರಿಗೆ ಹೋಗುತ್ತದೆ, ಆ ಊರು ಅವರಿಗೆ ಉಣಿಸುತ್ತದೆ, ಬೀಗತನದ ಮಾತು ಅಲ್ಲೇ ಬೆಳೆಯುತ್ತದೆ. ಹೊಲ ಕೈತಪ್ಪಿ ಊರುಗಳು ಖಾಲಿಯಾದರೆ ತಂಡ ಯಾರ ಮನೆಗೆ ಹೋಗಬೇಕು?

ಗುಡ್ಡದವರಿಗೆ ನೆನಪಿನ ತಮ್ಮದೇ ದಾರಿಗಳಿವೆ. ಭೀಮನ ದಿನವನ್ನು ಜೋಡೇಘಾಟಿನಲ್ಲಿ ಆಶ್ವಯುಜ ಹುಣ್ಣಿಮೆಗೆ ಆಚರಿಸುತ್ತಾರೆ, ಕ್ಯಾಲೆಂಡರಿನ ತಾರೀಖಿಗಲ್ಲ. ಗೋಂಡ ಕುಲಗಳ ವಂಶಾವಳಿಯನ್ನು ಅವರ ಹಾಡುಗಾರರಾದ ಪರಧಾನರು ಕಿಕ್ರಿ ಎಂಬ ತಂತಿವಾದ್ಯ ನುಡಿಸುತ್ತ ಹಾಡುತ್ತಾರೆ. ಕೇಸ್ಲಾಪುರದ ನಾಗೋಬಾ ಜಾತ್ರೆಗೆ ಮೊದಲು ಮೆಸ್ರಂ ಕುಲದವರು ಬರಿಗಾಲಲ್ಲಿ ನಡೆದು ಹೋಗಿ ಗೋದಾವರಿಯ ನೀರು ತರುತ್ತಾರೆ. ಪುಷ್ಯ ಅಮಾವಾಸ್ಯೆಯ ರಾತ್ರಿ ಪೂಜೆ, ಆಮೇಲೆ ಕುಲಕ್ಕೆ ಹೊಸದಾಗಿ ಬಂದ ಸೊಸೆಯರನ್ನು ದೇವರಿಗೂ ಹಿರಿಯರಿಗೂ ಪರಿಚಯಿಸುವುದು. ಅಲ್ಲಿ ದೊಡ್ಡವರೆಂದರೆ ಇಡೀ ಕುಲ. ಅದರಿಂದ ಒಬ್ಬರನ್ನು ಮಾತ್ರ ಕಿತ್ತು ತಂದು ನಾವು ಜೀವನಚರಿತ್ರೆ ಬರೆಯುತ್ತೇವೆ. ಇದೇ ಜಾತ್ರೆಯಲ್ಲಿ ಹೈಮೆನ್‌ಡಾರ್ಫ್ ಕಾಲದಲ್ಲಿ ದರ್ಬಾರು ಆರಂಭವಾದದ್ದು ನನಗೆ ತುಂಬ ಅರ್ಥಪೂರ್ಣವಾಗಿ ಕಾಣುತ್ತದೆ: ದೇವರಿದ್ದಲ್ಲಿಗೇ ಅಧಿಕಾರಿ ಬಂದು ಅಹವಾಲು ಕೇಳಬೇಕು.

ನಮ್ಮಲ್ಲೂ ಕಥೆ ಬೇರೆಯಲ್ಲ. ಅಂಕೋಲೆಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಅದೇ ಪ್ರಶಸ್ತಿ ಪಡೆದ, ಅದೇ ಸಮುದಾಯದ ತುಳಸಿ ಗೌಡರ ಫೋಟೋ ದೇಶವೆಲ್ಲ ಹರಿದಾಡಿತು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಸುಕ್ರಜ್ಜಿ ಕೇಳುತ್ತಲೇ ಇದ್ದರು. ತುಳಸಜ್ಜಿ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆ ಬೇಡಿಕೆ ಅವರ ಕಣ್ಣೆದುರು ಈಡೇರಲಿಲ್ಲ.

ಪ್ರಶಸ್ತಿ ಬೇಡವೆಂದು ನಾನು ಹೇಳುತ್ತಿಲ್ಲ. ತಮ್ಮ ಊರಿನ ಗುರುವಿಗೆ ದಿಲ್ಲಿಯಲ್ಲಿ ಮಾನ ಸಿಕ್ಕಿತೆಂದರೆ ಗೋಂಡ ಹುಡುಗರ ಎದೆ ಉಬ್ಬುತ್ತದೆ, ಅದು ಸಣ್ಣದಲ್ಲ. ಆದರೆ ಬೇರೆ ಬಗೆಯ ಗೌರವವೂ ಸಾಧ್ಯವೆಂಬುದಕ್ಕೆ ಬಿಳಿಗಿರಿರಂಗನ ಬೆಟ್ಟ ಸಾಕ್ಷಿ. ಅಲ್ಲಿನ ಸೋಲಿಗ ಬುಡಕಟ್ಟಿನಲ್ಲೇ ಹುಟ್ಟಿ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರಂಥವರು ಹಿರಿಯರೊಂದಿಗೆ ಕಾಡು ಸುತ್ತಿ, ಯಾವ ಬಂಡೆಯಲ್ಲಿ ಯಾವ ದೇವರು, ಯಾವ ಕುಲದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿದರು. ಹಿರಿಯರ ನೆನಪು ಹೀಗೆ ಹಕ್ಕಿನ ಮಾತಿಗೆ ಆಧಾರವಾಯಿತು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು, ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಅಂಥ ಹಕ್ಕು ದೇಶದಲ್ಲೇ ಮೊದಲು. ಮಾರ್ಲವಾಯಿಯ, ಜೋಡೇಘಾಟಿನ ಹಿರಿಯರ ಬದುಕನ್ನು ಬರೆಯಲು ಹೊರಟವರು ಪರಧಾನರ ಹಾಡಿನ ಜೊತೆಗೆ ಆ ಊರುಗಳ ಪಹಣಿಯನ್ನೂ ತೆಗೆಸಿ ಓದಬೇಕು.