ಬೋರ್ಡಿನತ್ತ ತಿರುಗಿದ ಪಾಠ

ನಂಜನಗೂಡಿನ ಯಾವುದೋ ಹಳ್ಳಿಯ ಮಗುವಿಗೆ ಕಿವಿ ಮಂದ ಎಂದು ಗೊತ್ತಾದರೆ ಹೋಗಬೇಕಾದ ಜಾಗ ದೂರವಿಲ್ಲ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ತಪಾಸಣೆ ಆಗುತ್ತದೆ, ಶ್ರವಣ ಸಾಧನ ಸಿಗುತ್ತದೆ. ಅದನ್ನು ಹಾಕಿಕೊಂಡು ಮಗು ತರಗತಿಯಲ್ಲಿ ಕೂರುತ್ತದೆ. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ, ಬರೆಯುತ್ತಲೇ ಪಾಠ ಹೇಳುತ್ತಾರೆ. ತುಟಿ ನೋಡಿ ಅರ್ಧ ಮಾತು ಹಿಡಿಯುವ ಮಗುವಿಗೆ ಕಾಣುವುದು ಅವರ ಬೆನ್ನು. ಬರೆದು ಮುಗಿಸಿ, ತಿರುಗಿ ನಿಂತು ಹೇಳುವುದಕ್ಕೆ ಅನುದಾನ ಬೇಡ, ಸುತ್ತೋಲೆಯೂ ಬೇಡ. ಆದರೆ ತೊಂದರೆ ಮಗುವಿನ ಕಿವಿಯದು, ಅದಕ್ಕೆ ಮಿಷನ್ ಕೊಟ್ಟಾಯಿತಲ್ಲ ಎಂದುಕೊಂಡವರಿಗೆ ತಿರುಗಿ ನಿಲ್ಲುವುದು ಹೊಳೆಯುವುದೇ ಇಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಎಲ್ಲ ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಸಾಲದು, ಬೋಧನೆಯೇ ಮಕ್ಕಳಿಗೆ ತಕ್ಕಂತೆ ಬದಲಾಗಬೇಕು ಎನ್ನುತ್ತದೆ. ನಮ್ಮ ಶಾಲೆಗಳಲ್ಲಿ ಬದಲಾಗಿರುವುದು ಹೆಚ್ಚಾಗಿ ಕಟ್ಟಡ ಮತ್ತು ಕಡತ. ರ‍್ಯಾಂಪ್ ಬಂದಿದೆ, ಹಾಜರಾತಿಯಲ್ಲಿ ಹೆಸರಿದೆ. ಮಿಕ್ಕದ್ದು ಬಿಐಇಆರ್‌ಟಿಯವರ, ಅಂದರೆ ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ, ಕೆಲಸ ಎಂಬ ಭಾವನೆ ಬಲವಾಗಿದೆ. ತಾಲ್ಲೂಕಿನುದ್ದಕ್ಕೂ ಶಾಲೆ ಶಾಲೆ ಸುತ್ತಬೇಕಾದ, ಶಾಲೆಗೆ ಬರಲಾಗದ ಮಕ್ಕಳ ಮನೆಗಳಿಗೂ ಹೋಗಬೇಕಾದ ಈ ಸಂಪನ್ಮೂಲ ಶಿಕ್ಷಕರು ಒಂದು ಮಗುವಿನ ಪಕ್ಕ ಎಷ್ಟು ಹೊತ್ತು ಕೂರಲಾದೀತು? ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಅಷ್ಟು ಮಂದಿ ಬಂದರೂ ದಿನದ ಬಹುಪಾಲು ಮಗು ಇರುವುದು ತನ್ನ ತರಗತಿಯ ಶಿಕ್ಷಕರ ಎದುರಿಗೇ.

ಬೈಯುವ ಶಿಕ್ಷಕರಿಗಿಂತ ಕನಿಕರದ ಶಿಕ್ಷಕರ ಬಗ್ಗೆ ನನಗೆ ಹೆಚ್ಚು ಚಿಂತೆ. ‘ಪಾಪ, ಅವನಿಗ್ಯಾಕೆ ತೊಂದ್ರೆ’ ಎಂದು ಓದಿಸದೆ ಬಿಡುತ್ತಾರೆ, ಬಿಸಿಯೂಟಕ್ಕೆ ಮೊದಲು ಕೂರಿಸುತ್ತಾರೆ, ಪರೀಕ್ಷೆಯಲ್ಲಿ ದಾಟಿಸುತ್ತಾರೆ. ವರ್ಷಗಟ್ಟಲೆ ಯಾರೂ ಒಂದು ಪ್ರಶ್ನೆ ಕೇಳದ ಮಗು ಏಳನೇ ತರಗತಿ ಮುಗಿಸಿರುತ್ತದೆ. ಇಂಥ ಶಿಕ್ಷಕರ ಮೇಲೆ ದೂರು ಕೊಡುವವರಿಲ್ಲ. ಪೋಷಕರಂತೂ ‘ಒಳ್ಳೇ ಮೇಡಂ’ ಎಂದೇ ಹೇಳುತ್ತಾರೆ.

ಭಿನ್ನತೆಯನ್ನು ಪಾಠದ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೈಸೂರು ಜಿಲ್ಲೆಗೆ ಹೊಸದೂ ಅಲ್ಲ. ನಂಜನಗೂಡಿನ ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ, ಯುನಿಸೆಫ್ ನೆರವಿನಿಂದ, ನಲಿ-ಕಲಿ ಹುಟ್ಟಿತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂತು, ಕಾರ್ಡು ಹಿಡಿದು, ಕಲಿಕಾ ಏಣಿಯಲ್ಲಿ ತಂತಮ್ಮ ವೇಗದಲ್ಲಿ ಮೇಲೇರುವ ವ್ಯವಸ್ಥೆ ಅದು. ನಾಲ್ಕು ದಿನ ಶಾಲೆ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರುಮಾಡಬಹುದು. ಅಲ್ಲಿ ನಿಧಾನ ಎಂಬುದು ರೋಗವಲ್ಲ, ಏಣಿಯಲ್ಲಿ ಒಂದು ಜಾಗ ಅಷ್ಟೆ. ನಾಲ್ಕನೇ ತರಗತಿಗೆ ಬರುತ್ತಿದ್ದಂತೆ ಏಣಿ ಹೋಗಿ ಪಠ್ಯಪುಸ್ತಕ ಬರುತ್ತದೆ, ಜೊತೆಗೆ ಪೋರ್ಷನ್ ಮುಗಿಸುವ ಆತುರ. ನಿನ್ನೆಯವರೆಗೆ ಏಣಿಯ ಕೆಳಗಿನ ಮೆಟ್ಟಿಲಲ್ಲಿದ್ದ ಮಗು ಇವತ್ತು ‘ಹಿಂದುಳಿದವನು’.

ಹೀಗಾಗಿ ಶಿಕ್ಷಕರ ದೃಷ್ಟಿಯನ್ನು ಬರೀ ಅವರ ಮನಸ್ಸಿನ ಸಂಗತಿ ಎನ್ನಲಾಗದು. ಅವರಿಗೆ ಮೇಲಿನವರು ಯಾವ ಪ್ರಶ್ನೆ ಕೇಳುತ್ತಾರೋ ಅದಕ್ಕೆ ತಕ್ಕಂತೆ ಆ ದೃಷ್ಟಿ ರೂಪುಗೊಳ್ಳುತ್ತದೆ. ನಂಜನಗೂಡು, ತಿ. ನರಸೀಪುರದ ಕ್ಲಸ್ಟರ್ ಸಭೆಗಳಲ್ಲಿ ವಿಶೇಷ ಅಗತ್ಯದ ಮಕ್ಕಳ ಸಂಖ್ಯೆ ಕೊಟ್ಟು ಮುಗಿಸುವ ಬದಲು, ಒಂದು ಮಗುವಿಗಾಗಿ ಈ ತಿಂಗಳು ಯಾವ ಪಾಠವನ್ನು ಹೇಗೆ ಬದಲಿಸಿದಿರಿ ಎಂದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಕೇಳಲಿ. ಬಹು ಹಂತದ ತರಗತಿ ನಡೆಸಿ ಪಳಗಿದ ನಲಿ-ಕಲಿ ಶಿಕ್ಷಕಿಯರು ಇದೇ ತಾಲ್ಲೂಕುಗಳಲ್ಲಿದ್ದಾರೆ. ತರಬೇತಿಗೆ ಹೊರಗಿನ ತಜ್ಞರನ್ನು ಕರೆಸುವ ಮೊದಲು ಮೈಸೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಈ ಶಿಕ್ಷಕಿಯರನ್ನು ವೇದಿಕೆಗೆ ಕರೆಯಬೇಕು.